ಬ್ರಾಡ್‌ಕಾಮ್ ನಿಸ್ತಂತು ಚಿಪ್ಪುಗಳಲ್ಲಿ ಪರಿಷ್ಕರಣ-ನಿರ್ಣಯ: ಒಂದು ಐತಿಹಾಸಿಕ ವಿವೇಚನೆ

ಕಾಲವನ್ನು ಹೇಳದ ಶಾಸನವೊಂದು ಕೈಗೆ ಬಂದಾಗ ವಿದ್ವಾಂಸರು ಅದರ ಅಕ್ಷರಗಳ ಮಾಟವನ್ನೂ ತಲಕಟ್ಟಿನ ಬಾಗನ್ನೂ ನೋಡಿ, ಇದು ಇಂಥ ಶತಮಾನದ್ದಿರಬೇಕೆಂದು ನಿರ್ಣಯಿಸುವುದುಂಟು. ಬರೆಸಿದವನನ್ನು ಕೇಳುವಂತಿಲ್ಲ, ಕಲ್ಲೇ ತನ್ನ ಸಾಕ್ಷಿಯನ್ನು ತಾನು ನುಡಿಯಬೇಕು. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಇದೇ ಬಗೆಯ ವಿದ್ಯೆಯೊಂದು ತೀರ ಬೇರೆಯಾದ ಕ್ಷೇತ್ರದಲ್ಲಿ ಬೆಳೆಯಿತು. ಅಲ್ಲಿ ಕಲ್ಲಿನ ಬದಲು ಸಿಲಿಕಾನಿನ ತುಣುಕು. ಲಿಪಿಯ ಬದಲು ಸೊನ್ನೆ ಒಂದುಗಳ ಸಾಲು. ವ್ಯತ್ಯಾಸವಿಷ್ಟೆ: ಅಲ್ಲಿ ಬರೆಸಿದವನು ಬದುಕಿದ್ದನು, ಆದರೆ ಬಾಯಿ ಬಿಡಲೊಲ್ಲನು.

ಬ್ರಾಡ್‌ಕಾಮ್ ಎಂಬ ಅಮೆರಿಕದ ಸಂಸ್ಥೆಯ ನಿಸ್ತಂತು ಚಿಪ್ಪುಗಳಿಗಾಗಿ ಲಿನಕ್ಸ್ ಕಾರ್ಯವ್ಯವಸ್ಥೆಯಲ್ಲಿ ಡ್ರೈವರ್ ಬರೆದವರು, ತಮ್ಮ ಮುಂದಿರುವ ಚಿಪ್ಪು ಯಾವ ಪೀಳಿಗೆಯದು, ಅದರ ಒಳಗಿನ ಬಸ್ ಎಷ್ಟನೆಯ ಪರಿಷ್ಕರಣದ್ದು ಎಂಬುದನ್ನು ಹೇಗೆ ಗುರುತಿಸಿದರೆಂಬುದೇ ಪ್ರಕೃತ ಲೇಖನದ ವಿಷಯ. ಹೊರನಾಡಿನ ನಮ್ಮ ಸಂಘಗಳ ಸದಸ್ಯರಲ್ಲಿ ಈ ಕಸಬಿನವರು ಬಹಳ ಮಂದಿ ಇದ್ದರೂ, ಇದರ ಚರಿತ್ರೆಯನ್ನು ಕನ್ನಡದಲ್ಲಿ ವಿಚಾರಿಸಿದ್ದು ಕಡಮೆ. ವಿಷಯವು ಸಣ್ಣದೆಂದು ತೋರಬಹುದು. ಹಣ ತೆತ್ತು ಕೊಂಡ ಯಂತ್ರವು ಕೊಂಡವನ ಮಾತನ್ನು ಕೇಳುವುದೋ ಇಲ್ಲವೋ ಎಂಬುದೂ, ಬಚ್ಚಿಟ್ಟ ಅರಿವನ್ನು ನ್ಯಾಯವಾಗಿ ಪಡೆಯುವ ದಾರಿ ಯಾವುದೆಂಬುದೂ ಇದರಲ್ಲಿ ಅಡಗಿವೆ.

‘ಬಸ್’ ಎಂದೊಡನೆ ಮುಂಬಯಿಯ ವಾಚಕರಿಗೆ ದಾದರಿನಿಂದ ಮಾಟುಂಗಕ್ಕೆ ಹೋಗುವ ವಾಹನ ನೆನಪಿಗೆ ಬಂದರೆ ತಪ್ಪಲ್ಲ. ಎರಡು ಮಾತುಗಳೂ ‘ಎಲ್ಲರಿಗಾಗಿ’ ಎಂಬರ್ಥದ ಒಂದೇ ಲ್ಯಾಟಿನ್ ಪದದಿಂದ ಬಂದುವೆನ್ನುತ್ತಾರೆ. ಗಣಕದಲ್ಲಿ ಬಸ್ ಎಂದರೆ ಅನೇಕ ಘಟಕಗಳು ಪರಸ್ಪರ ಮಾತಾಡಲು ಬಳಸುವ ಸಾಮಾನ್ಯ ಮಾರ್ಗ. 1992ರಲ್ಲಿ ಪ್ರಕಟವಾದ ಪಿಸಿಐ ಎಂಬ ನಿಯಮಾವಳಿಯು ಈ ಮಾರ್ಗಕ್ಕೊಂದು ಶಿಸ್ತು ತಂದಿತು. ಅದಕ್ಕೆ ಮುಂಚೆ ಕಾರ್ಡನ್ನು ಸಿಕ್ಕಿಸುವವನು ತಾನೇ ಪುಟ್ಟ ಸ್ವಿಚ್ಚುಗಳನ್ನು ಸರಿಸಿ ವಿಳಾಸ ಗೊತ್ತುಮಾಡಬೇಕಾಗುತ್ತಿತ್ತು. ಪಿಸಿಐ ಬಂದ ಮೇಲೆ ಪ್ರತಿಯೊಂದು ಕಾರ್ಡೂ ಕೇಳಿದೊಡನೆ ತನ್ನ ಗೋತ್ರಪ್ರವರವನ್ನು ಹೇಳಲೇಬೇಕಾಯಿತು: ತಯಾರಕರ ಸಂಖ್ಯೆ 16 ಬಿಟ್, ಸಾಧನದ ಸಂಖ್ಯೆ 16 ಬಿಟ್, ಪರಿಷ್ಕರಣದ ಸಂಖ್ಯೆ 8 ಬಿಟ್. ಬ್ರಾಡ್‌ಕಾಮಿನ ತಯಾರಕ ಸಂಖ್ಯೆ, ಹದಿನಾರರ ಎಣಿಕೆಯಲ್ಲಿ, 14ಇ4. ಇಷ್ಟು ತಿಳಿದರೆ ಸಾಕು, ಡ್ರೈವರಿಗೆ ಎಲ್ಲವೂ ತಿಳಿದಂತೆಯೇ ಎಂದು ಮೊದಲಿನವರು ಭಾವಿಸಿದ್ದರೆ ಆಶ್ಚರ್ಯವಿಲ್ಲ.

ಬ್ರಾಡ್‌ಕಾಮಿನ ಚಿಪ್ಪುಗಳಲ್ಲಿ ಹಾಗಾಗಲಿಲ್ಲ. ಹೊರಗಿನ ಪಿಸಿಐ ಬಾಗಿಲನ್ನು ದಾಟಿ ಒಳಹೊಕ್ಕರೆ ಅಲ್ಲಿ ಇನ್ನೊಂದು ಬಸ್ ಇದ್ದಿತು. ಕ್ಯಾಲಿಫೋರ್ನಿಯದ ಸಾನಿಕ್ಸ್ ಎಂಬ ಸಂಸ್ಥೆ ರೂಪಿಸಿದ ಅದಕ್ಕೆ ‘ಸಾನಿಕ್ಸ್ ಸಿಲಿಕಾನ್ ಬ್ಯಾಕ್‌ಪ್ಲೇನ್’ ಎಂದು ಹೆಸರು. ಡ್ರೈವರ್ ಬರೆದವರ ಬಾಯಲ್ಲಿ ಚಿಕ್ಕದಾಗಿ ‘ಎಸ್‌ಎಸ್‌ಬಿ’. ಚಿಪ್ಪಿನೊಳಗೆ ‘ಕೋರ್’ ಎಂದು ಕರೆಯುವ ಹಲವು ಘಟಕಗಳು ವಠಾರದ ಮನೆಗಳಂತೆ ಸಾಲಾಗಿ ಇರುತ್ತವೆ. ನಿಸ್ತಂತು ಸಂವಹನದ್ದು ಒಂದು, ಪಿಸಿಐ ಸಂಪರ್ಕದ್ದು ಒಂದು, ‘ಚಿಪ್‌ಕಾಮನ್’ ಎಂಬ ಯಜಮಾನನ ಮನೆ ಒಂದು, ಹೀಗೆ. 18000000 ಎಂಬ ವಿಳಾಸದಿಂದ ಮೊದಲಾಗಿ ಒಂದೊಂದು ಕೋರಿಗೂ 4096 ಬೈಟುಗಳ ಜಾಗ. ಒಟ್ಟು 16 ಮನೆಗಳಿಗೆ ಅವಕಾಶ. ಹೊರಗಿನಿಂದ ನೋಡುವವನಿಗೆ ಒಂದೇ ಕಿಟಕಿ. ಆ ಕಿಟಕಿಯನ್ನು ಯಾವ ಮನೆಗೆ ಎದುರಾಗಿ ಸರಿಸಬೇಕೆಂದು ಮೊದಲು ಆಜ್ಞಾಪಿಸಿ, ಅನಂತರವೇ ಒಳಗಿನದನ್ನು ಓದಬೇಕು.

ಈಗ ಚರಿತ್ರೆಯ ಕಡೆಗೆ ಬರೋಣ. 2003ರ ಜನವರಿಯಲ್ಲಿ ಆಪಲ್ ಸಂಸ್ಥೆಯು ‘ಏರ್‌ಪೋರ್ಟ್ ಎಕ್ಸ್‌ಟ್ರೀಮ್’ ಎಂಬ ಹೆಸರಿನಲ್ಲಿ ಬ್ರಾಡ್‌ಕಾಮಿನ ಚಿಪ್ಪನ್ನು ತನ್ನ ಗಣಕಗಳಲ್ಲಿ ಅಳವಡಿಸಿತು. 802.11ಜಿ ಎಂಬ ಶಿಷ್ಟಮಾನವು ಅಂಗೀಕೃತವಾದದ್ದು ಅದೇ ವರ್ಷದ ಜೂನ್ ತಿಂಗಳಲ್ಲಿ. ಅದಕ್ಕೂ ಮುಂಚೆಯೇ ಸರಕು ಅಂಗಡಿಗೆ ಬಂದಿತ್ತು. ಬೇರೆ ತಯಾರಕರ ಮಡಿಲ ಗಣಕಗಳಲ್ಲಿಯೂ ಈ ಚಿಪ್ಪುಗಳು ಹೇರಳವಾಗಿ ಸೇರಿಕೊಂಡುವು. ಲಿನಕ್ಸನ್ನು ಬಳಸುವವರಿಗೆ ಮಾತ್ರ ಸಂಸ್ಥೆಯು ಡ್ರೈವರನ್ನು ಕೊಡಲಿಲ್ಲ, ಕೈಪಿಡಿಯನ್ನೂ ಕೊಡಲಿಲ್ಲ. ಕೆಲವರು ‘ಎನ್‌ಡಿಐಎಸ್‌ವ್ರ್ಯಾಪರ್’ ಎಂಬ ಉಪಾಯದಿಂದ ವಿಂಡೋಸಿಗಾಗಿ ಬರೆದ ಡ್ರೈವರನ್ನೇ ಲಿನಕ್ಸಿನೊಳಗೆ ಓಡಿಸಿದರು. ಅದು ಎರವಲು ಕಾಲಿನ ನಡಿಗೆ. ಇಂಟೆಲ್ ಜಾತಿಯ ಯಂತ್ರಗಳಲ್ಲಿ ಹೇಗೋ ನಡೆಯಿತು. ಆಗಿನ ಆಪಲ್ ಗಣಕಗಳ ಪವರ್‌ಪಿಸಿ ಸಂಸ್ಕಾರಕಕ್ಕೆ ಅದೂ ಒದಗಲಿಲ್ಲ.

ದಾರಿ ತೆರೆದದ್ದು ಅನಿರೀಕ್ಷಿತವಾದ ಒಂದು ಕಡೆಯಿಂದ. ಲಿಂಕ್‌ಸಿಸ್ ಸಂಸ್ಥೆಯ ಡಬ್ಲ್ಯುಆರ್‌ಟಿ54ಜಿ ಎಂಬ ರೌಟರ್ 2002ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದಿತ್ತು. ಅದರ ಹೊಟ್ಟೆಯಲ್ಲಿ ಓಡುತ್ತಿರುವುದು ಲಿನಕ್ಸೇ ಎಂಬುದು 2003ರಲ್ಲಿ ಬಯಲಾಯಿತು. ಲಿನಕ್ಸಿನ ಅನುಮತಿಪತ್ರವಾದ ಜಿಪಿಎಲ್ ಪ್ರಕಾರ ಮೂಲಪಾಠವನ್ನು ಕೊಡಬೇಕೆಂದು ಒತ್ತಾಯ ಬಂದಿತು, ಕೊಟ್ಟರು. ಹಾಗೆ ಪ್ರಕಟವಾದ ಪಾಠದಲ್ಲಿ ಬ್ಯಾಕ್‌ಪ್ಲೇನನ್ನು ಕುರಿತ ಭಾಗಗಳು ಓದಲು ಸಿಕ್ಕಿದುವು. ನಿಸ್ತಂತು ಡ್ರೈವರು ಮಾತ್ರ ಯಂತ್ರಭಾಷೆಯ ಗಟ್ಟಿಯಾಗಿಯೇ ಉಳಿಯಿತು. ಆದರೆ ಆ ಗಟ್ಟಿಯು ಮಿಪ್ಸ್ ಎಂಬ ಸರಳವಾದ ಸಂಸ್ಕಾರಕದ ಭಾಷೆಯಲ್ಲಿದ್ದುದರಿಂದ ಬಿಡಿಸಿ ಓದುವವರಿಗೆ ಅನುಕೂಲವಾಯಿತು. ಇದೇ ರೌಟರಿನ ಪ್ರಸಂಗದಲ್ಲಿ ಪರಿಷ್ಕರಣದ ಮಹಿಮೆಯನ್ನು ಸಾಮಾನ್ಯರೂ ಕಂಡರು. 2005ರಲ್ಲಿ ಬಂದ ಅದರ ಐದನೆಯ ಪರಿಷ್ಕರಣದಲ್ಲಿ ಲಿನಕ್ಸನ್ನು ತೆಗೆದು ವಿಎಕ್ಸ್‌ವರ್ಕ್ಸ್ ಎಂಬುದನ್ನಿಟ್ಟು, ಜ್ಞಾಪಕಶಕ್ತಿಯನ್ನು 16 ಮೆಗಾಬೈಟಿನಿಂದ 8ಕ್ಕೆ ಇಳಿಸಲಾಯಿತು. ಹೆಸರು ಅದೇ, ಪೆಟ್ಟಿಗೆಯ ನೀಲಿ ಬಣ್ಣವೂ ಅದೇ. ಕೊಳ್ಳುವವರು ಅಡಿಯ ಚೀಟಿಯನ್ನು ಓದಿ ಕೊಳ್ಳುವುದನ್ನು ಕಲಿತರು.

ಯಂತ್ರಭಾಷೆಯ ಡ್ರೈವರನ್ನು ಬಿಡಿಸಿ ಓದಿದವರು ಅನುಸರಿಸಿದ ಕ್ರಮವು ಶ್ಲಾಘ್ಯವಾದುದು. ಅವರು ಎರಡು ತಂಡಗಳಾಗಿ ಬೇರ್ಪಟ್ಟರು. ಒಂದು ತಂಡವು ಓದಿ, ‘ಇಂಥ ರಿಜಿಸ್ಟರಿಗೆ ಇಂಥ ಮೌಲ್ಯವನ್ನು ಬರೆದರೆ ಇಂಥ ಪರಿಣಾಮ’ ಎಂದು ಸಾಮಾನ್ಯ ಮಾತಿನಲ್ಲಿ ವಿವರಣೆಯನ್ನು ಸಿದ್ಧಪಡಿಸಿತು. ಇನ್ನೊಂದು ತಂಡವು ಮೂಲವನ್ನು ಕಣ್ಣೆತ್ತಿಯೂ ನೋಡದೆ, ಆ ವಿವರಣೆಯೊಂದನ್ನೇ ಆಧಾರವಾಗಿಟ್ಟುಕೊಂಡು ಡ್ರೈವರನ್ನು ಬರೆಯಿತು. ಹಕ್ಕುಸ್ವಾಮ್ಯವಿರುವುದು ಬರೆಹದ ರೂಪಕ್ಕೆ, ಯಂತ್ರದ ನಡವಳಿಕೆಗಲ್ಲ ಎಂಬುದು ಇದರ ಹಿಂದಿನ ತತ್ತ್ವ. ಇದನ್ನು ಕಳ್ಳತನವೆಂದು ಕರೆದವರೂ ಇದ್ದಾರೆ. ನಮಗೆ ಆ ಮಾತು ಸಮ್ಮತವಲ್ಲ. ಕದಿಯುವವನು ತಾನು ಏನನ್ನು ನೋಡಿದೆ, ಏನನ್ನು ನೋಡಲಿಲ್ಲ ಎಂದು ಲೆಕ್ಕ ಬರೆದಿಡುವುದಿಲ್ಲ.

2005ರ ಡಿಸೆಂಬರಿನಲ್ಲಿ ಈ ಡ್ರೈವರ್ ನಡೆಯಲಾರಂಭಿಸಿತೆಂಬ ಪ್ರಕಟಣೆ ಹೊರಟಿತು. 2006ರ ಜೂನ್ ತಿಂಗಳ ಲಿನಕ್ಸ್ 2.6.17ರಲ್ಲಿ ‘ಬಿಸಿಎಂ43ಎಕ್ಸ್‌ಎಕ್ಸ್’ ಎಂಬ ಹೆಸರಿನಿಂದ ಅದು ಸೇರ್ಪಡೆಯಾಯಿತು. ಆ ಮೊದಲ ಡ್ರೈವರಿನಲ್ಲಿ ಬ್ಯಾಕ್‌ಪ್ಲೇನಿನ ವ್ಯವಹಾರವೂ ರೇಡಿಯೋದ ವ್ಯವಹಾರವೂ ಒಂದರೊಳಗೊಂದು ಹೆಣೆದುಕೊಂಡಿದ್ದುವು.

ಇಷ್ಟು ಪೂರ್ವಪೀಠಿಕೆಯ ಮೇಲೆ, ಒಂದು ಕೋರ್ ತನ್ನ ಪೀಳಿಗೆಯನ್ನು ಹೇಳುವ ಬಗೆಯನ್ನು ಕೊಂಚ ನಿಧಾನವಾಗಿ ನೋಡುವುದು ಅವಶ್ಯ. ಪ್ರತಿಯೊಂದು ಕೋರಿನ 4096 ಬೈಟುಗಳ ತುದಿಯಲ್ಲಿ ಗುರುತಿನ ರಿಜಿಸ್ಟರುಗಳು ಎರಡು. ಮೇಲಿನದರಲ್ಲಿ 32 ಬಿಟ್‌ಗಳು. ಅವುಗಳಲ್ಲಿ ಎಡಗಡೆಯ 16 ತಯಾರಕರವು. ಬ್ರಾಡ್‌ಕಾಮಿನ ಕೋರುಗಳಲ್ಲಿ ಅಲ್ಲಿ 4243 ಎಂದಿರುತ್ತದೆ. ಆಸ್ಕಿ ಸಂಕೇತದಲ್ಲಿ 42 ಎಂದರೆ ‘ಬಿ’, 43 ಎಂದರೆ ‘ಸಿ’. ತಯಾರಕನು ತನ್ನ ಹೆಸರಿನ ಮೊದಲಕ್ಷರಗಳನ್ನು ಅಂಕಿತವಾಗಿ ಹಾಕಿದ್ದಾನೆ! ಉಳಿದ 16 ಬಿಟ್‌ಗಳಲ್ಲಿ 12 ಕೋರಿನ ಜಾತಿಗೆ, ಕೊನೆಯ 4 ಅದರ ಪರಿಷ್ಕರಣಕ್ಕೆ. ನಿಸ್ತಂತು ಕೋರಿನ ಜಾತಿಸಂಖ್ಯೆ 812. ಆದ್ದರಿಂದ ಆ ರಿಜಿಸ್ಟರಿನಲ್ಲಿ 42438125 ಎಂದು ಕಂಡರೆ, ಬ್ರಾಡ್‌ಕಾಮ್, ನಿಸ್ತಂತು, ಐದನೆಯ ಪರಿಷ್ಕರಣ ಎಂದು ಓದಬೇಕು.

ನಾಲ್ಕು ಬಿಟ್‌ಗಳಲ್ಲಿ ಹಿಡಿಯುವುದು 0ಯಿಂದ 15ರವರೆಗಿನ ಸಂಖ್ಯೆ ಮಾತ್ರ. ಕೋರುಗಳು ಪರಿಷ್ಕೃತವಾಗುತ್ತ ಹೋಗಿ ಹದಿನಾರನ್ನು ಮುಟ್ಟಿದಾಗ ಏನು ಮಾಡಬೇಕು? ಇಲ್ಲಿ ವಿನ್ಯಾಸಕಾರರು ಮಾಡಿದ ಉಪಾಯ ಸ್ವಾರಸ್ಯವಾಗಿದೆ. ಬ್ರಾಡ್‌ಕಾಮಿನ ಕೋರುಗಳ ಜಾತಿಸಂಖ್ಯೆಗಳು 800, 812 ಎಂಬಂತೆ ಎಂಟರಿಂದಲೇ ಮೊದಲಾಗುತ್ತವೆ. ಎಂಟನ್ನು ದ್ವಿಮಾನದಲ್ಲಿ ಬರೆದರೆ 1000. ಅಂದರೆ ಒಂದರ ಪಕ್ಕದಲ್ಲಿ ಮೂರು ಸೊನ್ನೆಗಳು ಯಾವಾಗಲೂ ಸುಮ್ಮನೆ ಕುಳಿತಿದ್ದುವು. ಆ ಖಾಲಿ ಜಾಗವನ್ನು ಜಾತಿಯ ಪಾಲಿನಿಂದ ಬಿಡಿಸಿ ಪರಿಷ್ಕರಣದ ವಿಸ್ತರಣೆಗೆ ಕೊಟ್ಟರು. ಹೀಗಾಗಿ ಪರಿಷ್ಕರಣದ ಸಂಖ್ಯೆಯು ಎರಡು ಕಡೆ ಹರಿದು ಹಂಚಿಹೋಯಿತು: ಕೊನೆಯ ನಾಲ್ಕು ಬಿಟ್ ಒಂದೆಡೆ, ಮೇಲಿನ ಮೂರು ಬಿಟ್ ಇನ್ನೊಂದೆಡೆ. ಹದಿನಾರನೆಯ ಪರಿಷ್ಕರಣದ ನಿಸ್ತಂತು ಕೋರಿನಲ್ಲಿ 42439120 ಎಂದು ಕಾಣುತ್ತದೆ. ಹಳೆಯ ಕಟ್ಟಳೆಯಂತೆ ಇದನ್ನು ಓದುವವನಿಗೆ 912 ಎಂಬ ಯಾರೂ ಕೇಳರಿಯದ ಜಾತಿಯ, ಸೊನ್ನೆಯ ಪರಿಷ್ಕರಣದ ಕೋರೊಂದು ಗೋಚರಿಸುವುದು. ಹೊಸ ಕಟ್ಟಳೆಯನ್ನು ಬಲ್ಲವನು ಆ 9ನ್ನು 8 ಮತ್ತು 1 ಎಂದು ಬಿಡಿಸಿ, ಒಂದನ್ನು ಹದಿನಾರರ ಸ್ಥಾನಕ್ಕೆ ಕಳುಹಿಸುತ್ತಾನೆ. ಹಳಗನ್ನಡದ ಓಲೆಯಲ್ಲಿ ಸಂಧಿಯನ್ನು ತಪ್ಪಾಗಿ ಬಿಡಿಸಿ ಇಲ್ಲದ ಪದವೊಂದನ್ನು ನಿಘಂಟಿಗೆ ಸೇರಿಸಿದ ಪ್ರಸಂಗಗಳನ್ನು ಬಲ್ಲವರಿಗೆ ಇದು ಹೊಸತೆನಿಸಲಾರದು.

ಪರಿಷ್ಕರಣದ ಸಂಖ್ಯೆಯಿಂದ ನಿರ್ಣಯವಾಗುವುದು ಬರಿಯ ಕುತೂಹಲದ ಸಂಗತಿಯಲ್ಲ. ನಿಸ್ತಂತು ಕೋರಿನೊಳಗೆ ಪುಟ್ಟ ಸಂಸ್ಕಾರಕವೊಂದಿದ್ದು, ಅದಕ್ಕೆ ಬೇಕಾದ ಫರ್ಮ್‌ವೇರನ್ನು ಪ್ರತಿಸಲವೂ ಹೊರಗಿನಿಂದ ತುಂಬಬೇಕು. ಐದರಿಂದ ಹತ್ತರವರೆಗಿನ ಪರಿಷ್ಕರಣಗಳಿಗೆ ಒಂದು ಕಡತ, ಹನ್ನೊಂದು ಹನ್ನೆರಡಕ್ಕೆ ಮತ್ತೊಂದು, ಹದಿಮೂರಕ್ಕೆ ಬೇರೊಂದು. ಕಡತಗಳಿಗೆ ಇಟ್ಟ ಹೆಸರಿನಲ್ಲಿಯೇ ಈ ಸಂಖ್ಯೆಗಳಿವೆ. ಸಂಖ್ಯೆಯನ್ನು ತಪ್ಪಾಗಿ ಓದಿದರೆ ಒಬ್ಬನ ಔಷಧವನ್ನು ಇನ್ನೊಬ್ಬನಿಗೆ ಕುಡಿಸಿದಂತಾಗುವುದು. ಈ ಫರ್ಮ್‌ವೇರನ್ನು ಹಂಚಲು ಅನುಮತಿ ಇಲ್ಲದಿದ್ದುದರಿಂದ, ಬಳಕೆದಾರರು ಸಂಸ್ಥೆಯ ಹಳೆಯ ಡ್ರೈವರುಗಳಿಂದ ಅದನ್ನು ತಾವೇ ಕತ್ತರಿಸಿ ತೆಗೆದುಕೊಳ್ಳಬೇಕಾಗಿತ್ತು; ಅದಕ್ಕಾಗಿಯೇ ಒಂದು ಉಪಕರಣ ತಯಾರಾಯಿತು. ಇಟಲಿಯ ಬ್ರೆಷಾ ವಿಶ್ವವಿದ್ಯಾನಿಲಯದವರು 2009ರಲ್ಲಿ ಕೆಲವು ಚಿಪ್ಪುಗಳಿಗೆ ಮುಕ್ತವಾದ ಫರ್ಮ್‌ವೇರನ್ನೇ ಬರೆದು ಕೊಟ್ಟದ್ದು ಪ್ರತ್ಯೇಕವಾಗಿ ವಿವೇಚಿಸಬೇಕಾದ ಸಾಹಸ.

ಬಿಸಿಎಂ4306 ಎಂಬ ಚಿಪ್ಪಿನ ಉದಾಹರಣೆಯಲ್ಲಿ ತೊಡಕು ಸ್ಪಷ್ಟವಾಗುತ್ತದೆ. ಇದರಲ್ಲಿ ಎರಡು ಪೀಳಿಗೆಗಳಿದ್ದುವು. ಪಿಸಿಐ ಬಾಗಿಲಲ್ಲಿ ನಿಂತು ಕೇಳಿದರೆ ಎರಡೂ ತಮ್ಮ ಸಾಧನದ ಸಂಖ್ಯೆಯನ್ನು 4320 ಎಂದೇ ಹೇಳುತ್ತಿದ್ದುವು. ಒಳಹೊಕ್ಕು ನೋಡಿದರೆ ಒಂದರ ನಿಸ್ತಂತು ಕೋರ್ ನಾಲ್ಕನೆಯ ಪರಿಷ್ಕರಣದ್ದು, ಇನ್ನೊಂದರದು ಐದನೆಯದು. ನಾಲ್ಕಕ್ಕೆ ಬೇಕಾದುದು ಮೂರನೆಯ ಶ್ರೇಣಿಯ ಫರ್ಮ್‌ವೇರ್; ಐದಕ್ಕೆ ನಾಲ್ಕನೆಯ ಶ್ರೇಣಿಯದು ಒಪ್ಪುತ್ತಿತ್ತು. ಮುಂದೆ ಡ್ರೈವರನ್ನು ಎರಡಾಗಿ ಒಡೆದಾಗ, ಹಳೆಯ ಪೀಳಿಗೆಯನ್ನು ‘ಬಿ43ಲೆಗಸಿ’ಗೂ ಹೊಸತನ್ನು ‘ಬಿ43’ಗೂ ಒಪ್ಪಿಸಲಾಯಿತು. ಆದರೆ ಒಂದೇ ಪಿಸಿಐ ಸಂಖ್ಯೆಯ ಮೇಲೆ ಇಬ್ಬರು ಹಕ್ಕು ಹೂಡಿದರೆ ನ್ಯಾಯ ಹೇಳುವವರಾರು? ಪಿಸಿಐಯ ಪರಿಷ್ಕರಣ ಸಂಖ್ಯೆಯು ಒಂದರಲ್ಲಿ 2, ಇನ್ನೊಂದರಲ್ಲಿ 3 ಎಂದಿದ್ದು ಸುಳಿವು ಕೊಡುತ್ತಿತ್ತಾದರೂ, ಅದು ಪೆಟ್ಟಿಗೆಯ ಮೇಲಿನ ಚೀಟಿಯೇ ಹೊರತು ಒಳಗಿನ ಸರಕಲ್ಲ.

ಇದಕ್ಕೆ ಮೈಕೇಲ್ ಬ್ಯೂಶ್ ಮುಂದಾಗಿ ರೂಪಿಸಿದ ಪರಿಹಾರವನ್ನು ಈ ಚರಿತ್ರೆಯ ಮುಖ್ಯ ಘಟ್ಟವೆಂದು ನಾವು ಎಣಿಸುತ್ತೇವೆ. ಬ್ಯಾಕ್‌ಪ್ಲೇನಿನ ವ್ಯವಹಾರವನ್ನೆಲ್ಲ ರೇಡಿಯೋ ಡ್ರೈವರಿನಿಂದ ಬಿಡಿಸಿ, ‘ಎಸ್‌ಎಸ್‌ಬಿ’ ಎಂಬ ಸ್ವತಂತ್ರವಾದ ಬಸ್-ಡ್ರೈವರನ್ನಾಗಿ ಮಾಡಲಾಯಿತು. 2008ರ ಜನವರಿಯ ಲಿನಕ್ಸ್ 2.6.24ರಲ್ಲಿ ಅದೂ, ಬಿ43, ಬಿ43ಲೆಗಸಿಗಳೂ ಒಟ್ಟಿಗೆ ಪ್ರವೇಶಿಸಿದುವು. ಅಂದಿನಿಂದ ಪಿಸಿಐ ಕಾರ್ಡಿನ ಒಡೆತನ ನಿಸ್ತಂತು ಡ್ರೈವರಿನದಲ್ಲ, ನಡುವಿನ ಸೇತುವಿನದು. ಸೇತುವು ಕಾರ್ಡನ್ನು ಹಿಡಿದುಕೊಂಡು ಕಿಟಕಿಯನ್ನು ಮನೆಮನೆಗೂ ಸರಿಸಿ, ಪ್ರತಿಯೊಂದು ಕೋರಿನ ತಯಾರಕ, ಜಾತಿ, ಪರಿಷ್ಕರಣಗಳನ್ನು ಬರೆದುಕೊಳ್ಳುತ್ತದೆ. ಆ ಪಟ್ಟಿಯನ್ನು ನೋಡಿ, 2 ಅಥವಾ 4 ಎಂದಿದ್ದರೆ ಲೆಗಸಿಯೂ, 5 ಮತ್ತು ಮೇಲ್ಪಟ್ಟಿದ್ದರೆ ಬಿ43ಯೂ ತನ್ನ ಪಾಲನ್ನು ಎತ್ತಿಕೊಳ್ಳುತ್ತದೆ. ಬಿಸಿಎಂ4401 ಎಂಬ ತಂತಿಯ ಈಥರ್ನೆಟ್ ಚಿಪ್ಪೂ ಇದೇ ಬ್ಯಾಕ್‌ಪ್ಲೇನಿನ ಮೇಲೆ ಕಟ್ಟಿದ್ದಾದ್ದರಿಂದ, ಅದರ ಡ್ರೈವರಿಗೂ ಈ ಸೌಕರ್ಯ ಒದಗಿತು.

ಎಲ್ಲ ಚಿಪ್ಪುಗಳೂ ಹೀಗೆ ಬಾಯ್ತೆರೆದು ಹೇಳುವುವೆಂದಲ್ಲ. ಮೊದಲನೆಯ ಮನೆಯಲ್ಲಿ ಚಿಪ್‌ಕಾಮನ್ ಇದ್ದರೆ ಚಿಪ್ಪಿನ ಸಂಖ್ಯೆ ಅಲ್ಲಿಯೇ ದೊರೆಯುವುದು. ಚಿಪ್‌ಕಾಮನ್ ನಾಲ್ಕನೆಯ ಪರಿಷ್ಕರಣದ್ದೋ ಅನಂತರದ್ದೋ ಆಗಿದ್ದರೆ ಒಟ್ಟು ಮನೆಗಳೆಷ್ಟೆಂಬುದೂ ಅಲ್ಲಿಯೇ ಇರುತ್ತದೆ. ತೀರ ಹಳೆಯವುಗಳಲ್ಲಿ ಯಜಮಾನನೇ ಇಲ್ಲ. ಅಂಥ ಕಡೆ ಹೊರಗಿನ ಪಿಸಿಐ ಸಂಖ್ಯೆಯಿಂದ ಚಿಪ್ಪನ್ನೂ, ಕೈಯಲ್ಲಿ ಬರೆದಿಟ್ಟ ಪಟ್ಟಿಯಿಂದ ಮನೆಗಳ ಸಂಖ್ಯೆಯನ್ನೂ ಅನುಮಾನಿಸಬೇಕು. ಇನ್ನು ಕೆಲವು ಚಿಪ್ಪುಗಳಲ್ಲಿ ನಿಸ್ತಂತು ಕೋರುಗಳು ಎರಡೆರಡು ಕಂಡರೂ, ಎರಡನೆಯದರ ಕಾಲುಗಳು ಯಾವುದಕ್ಕೂ ಜೋಡಣೆಯಾಗದೆ ತೂಗಾಡುತ್ತಿರುತ್ತವೆ. ಕೇಳಿದರೆ ‘ಇದ್ದೇನೆ’ ಎನ್ನುತ್ತದೆ; ಕೆಲಸಕ್ಕೆ ಬಾರದು. ಆದಕಾರಣ ನಿಜವಾಗಿ ಎರಡು ಕೋರುಗಳುಳ್ಳವೆಂದು ಗೊತ್ತಾದ ಕೆಲವೇ ಚಿಪ್ಪುಗಳನ್ನು ಬಿಟ್ಟು ಮಿಕ್ಕೆಡೆ ಎರಡನೆಯದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಇಷ್ಟರವರೆಗೆ ಹೇಳಿದ್ದು ಕೋರುಗಳ ಪರಿಷ್ಕರಣ. ಬಸ್ಸಿಗೇ ತನ್ನದೊಂದು ಪರಿಷ್ಕರಣವಿದೆ. ಅದು ಕೆಳಗಿನ ಗುರುತಿನ ರಿಜಿಸ್ಟರಿನ ಮೇಲ್ತುದಿಯ ನಾಲ್ಕು ಬಿಟ್‌ಗಳಲ್ಲಿದೆ. ಅಲ್ಲಿ 0 ಎಂದಿದ್ದರೆ ಸಾನಿಕ್ಸ್ 2.2 ಅಥವಾ ಅದಕ್ಕೂ ಹಿಂದಿನದು. 1 ಎಂದಿದ್ದರೆ 2.3, ಅಲ್ಲಿಂದ ಮುಂದೆ 4, 5, 6, 7 ಎಂಬುವು ಕ್ರಮವಾಗಿ 2.4ರಿಂದ 2.7ರವರೆಗೆ. 2 ಮತ್ತು 3 ಎಂಬ ಅಂಕಗಳಿಗೆ ಈ ಪಟ್ಟಿಯಲ್ಲಿ ಸ್ಥಾನವಿಲ್ಲ. ಮೊದಲೆರಡಕ್ಕೆ ಒಂದು ಲೆಕ್ಕ, ಆಮೇಲಿನವಕ್ಕೆ ಇನ್ನೊಂದು.

ಇದರ ಉಪಯೋಗ ಕೋರನ್ನು ನಿಲ್ಲಿಸುವಾಗ ಗೊತ್ತಾಗುತ್ತದೆ. ಅಂಗಡಿ ಮುಚ್ಚುವವನು ಮೊದಲು ಹೊಸ ಗಿರಾಕಿಗಳು ಬಾರದಂತೆ ಬಾಗಿಲು ಎಳೆದು, ಒಳಗಿದ್ದವರು ಹೊರಟ ಮೇಲೆ ದೀಪ ಆರಿಸುತ್ತಾನಷ್ಟೆ. ಕೋರಿನಲ್ಲಿಯೂ ಮೊದಲು ‘ನಿರಾಕರಣ’ದ ಬಿಟ್ಟನ್ನು ಎತ್ತಿ, ನಡೆಯುತ್ತಿರುವ ವ್ಯವಹಾರ ಮುಗಿಯುವವರೆಗೆ ಕಾದು, ಅನಂತರ ರೀಸೆಟ್ ಮಾಡಿ ಗಡಿಯಾರವನ್ನು ನಿಲ್ಲಿಸಬೇಕು. ಈ ನಿರಾಕರಣದ ಬಿಟ್ 2.2ರಲ್ಲಿ 2ರ ಸ್ಥಾನದಲ್ಲಿದ್ದರೆ 2.3ರಲ್ಲಿ 4ರ ಸ್ಥಾನದಲ್ಲಿದೆ. ಪರಿಷ್ಕರಣವನ್ನು ಓದದೆ ಕೈಹಾಕಿದವನು ಬಾಗಿಲೆಂದು ಭ್ರಮಿಸಿ ಗೋಡೆಯನ್ನು ಎಳೆಯುತ್ತಿರುತ್ತಾನೆ. ಒಳಗೆ ವ್ಯವಹಾರ ನಡೆಯುತ್ತಿರುವಾಗಲೇ ದೀಪವಾರಿದರೆ ಬಸ್ ಸಿಕ್ಕಿಕೊಳ್ಳುವ ಸಂಭವವುಂಟು.

2.4 ಮತ್ತು 2.6ರಲ್ಲಿ ಬಿಟ್ ಪುನಃ ಹಳೆಯ ಸ್ಥಾನಕ್ಕೆ ಬಂದಿತು. 2.5 ಮತ್ತು 2.7ರಲ್ಲಿ? ಇಲ್ಲಿ ಎಸ್‌ಎಸ್‌ಬಿ ಡ್ರೈವರಿನ ಪಾಠವನ್ನು ತೆರೆದು ನೋಡುವವರಿಗೆ ಒಂದು ಅಪೂರ್ವವಾದ ಪ್ರಾಮಾಣಿಕತೆ ಎದುರಾಗುತ್ತದೆ. ಹಳೆಯ ಸ್ಥಾನವನ್ನೇ ಬಳಸಿ, ಇದು ಊಹೆ, ಸರಿಯಾದ ಬಿಟ್ಟನ್ನು ಇನ್ನೂ ಕಂಡುಹಿಡಿಯಬೇಕಾಗಿದೆ ಎಂಬರ್ಥದ ಟಿಪ್ಪಣಿಯನ್ನು ಪಕ್ಕದಲ್ಲಿಯೇ ಬರೆದಿದ್ದಾರೆ. ಪಟ್ಟಿಯಲ್ಲಿಲ್ಲದ ಪರಿಷ್ಕರಣವೇನಾದರೂ ಬಂದರೆ ಎರಡು ಬಿಟ್‌ಗಳನ್ನೂ ಎತ್ತಿ, ದಿನಚರಿಯಲ್ಲಿ ಎಚ್ಚರಿಕೆಯೊಂದನ್ನು ನಮೂದಿಸುತ್ತದೆ. ನಾಲ್ಕು ಬಿಟ್‌ಗಳೂ ಒಂದೇ ಎಂದು ಕಂಡಾಗ ಮಾತ್ರ ಎಚ್ಚರಿಕೆಯಿಲ್ಲ. ಬಸ್ಸಿನ ಮೇಲೆ ಉತ್ತರಿಸುವವರೇ ಇಲ್ಲದಾಗ ಎಲ್ಲವೂ ಒಂದಾಗಿ ಕಾಣುವುದು ವಾಡಿಕೆಯಾದ್ದರಿಂದ, ಅದನ್ನು ಪರಿಷ್ಕರಣವೆಂದಲ್ಲ, ಮೌನವೆಂದು ಅರ್ಥಮಾಡಿಕೊಳ್ಳಬಹುದು. ಕೈಪಿಡಿಯಿದ್ದಿದ್ದರೆ ಒಂದು ಸಾಲಿನಲ್ಲಿ ಮುಗಿಯುತ್ತಿದ್ದ ಸಂಗತಿಗೆ ಇಷ್ಟು ಕವಲುಗಳು. ಊಹೆಯನ್ನು ಪ್ರಮಾಣದ ವೇಷದಲ್ಲಿ ಹೊರಡಿಸದೆ ಊಹೆಯೆಂದೇ ಅಚ್ಚುಮಾಡಿದ ಈ ಎರಡು ಸಾಲುಗಳನ್ನು ನಮ್ಮ ಸಂಶೋಧನ ಗ್ರಂಥಗಳ ಕೆಲವು ಅಡಿಟಿಪ್ಪಣಿಗಳ ಪಕ್ಕದಲ್ಲಿಟ್ಟು ನೋಡುವ ಆಸೆಯಾಗುತ್ತದೆ.

ನಡುವೆ ಒಂದು ಕಹಿ ಪ್ರಸಂಗವೂ ನಡೆಯಿತು. 2007ರ ಏಪ್ರಿಲಿನಲ್ಲಿ, ಓಪನ್‌ಬಿಎಸ್‌ಡಿ ಎಂಬ ಸೋದರ ವ್ಯವಸ್ಥೆಯವರು ಬರೆಯುತ್ತಿದ್ದ ಇದೇ ಚಿಪ್ಪುಗಳ ಡ್ರೈವರಿನಲ್ಲಿ ಲಿನಕ್ಸ್ ಡ್ರೈವರಿನ ಪಾಠವು ಅನುಮತಿಯಿಲ್ಲದೆ ಸೇರಿದೆಯೆಂದು ಲಿನಕ್ಸಿನ ಕಡೆಯವರು ಬಹಿರಂಗವಾಗಿ ಆಕ್ಷೇಪಿಸಿದರು. ಆಕ್ಷೇಪದಲ್ಲಿ ಹುರುಳಿತ್ತು, ಹೇಳಿದ ಬಗೆ ಮೃದುವಾಗಿರಬಹುದಿತ್ತೆಂದು ಎದುರು ಕಡೆಯವರು ಕೆರಳಿದರು. ಕೊನೆಗೆ ಆ ಡ್ರೈವರನ್ನೇ ಕೈಬಿಡಲಾಯಿತು. ಎರಡು ತಂಡಗಳ ಕಟ್ಟುನಿಟ್ಟನ್ನು ಪಾಲಿಸಿದವರಿಗೆ ತಮ್ಮ ಬರೆಹದ ವಿಷಯದಲ್ಲಿ ಅಷ್ಟು ಅಭಿಮಾನವಿದ್ದುದು ಸಹಜವೇ.

2010ರ ಸೆಪ್ಟೆಂಬರಿನಲ್ಲಿ ಬ್ರಾಡ್‌ಕಾಮ್ ಸಂಸ್ಥೆಯು ತಾನಾಗಿ ಒಂದು ಮುಕ್ತ ಡ್ರೈವರನ್ನು ಹೊರತಂದಿತು. ಅದು ಬಿಸಿಎಂ4313, 43224, 43225 ಎಂಬ ಹೊಸ ಚಿಪ್ಪುಗಳಿಗೆ ಮಾತ್ರ. ಹಳೆಯ ಚಿಪ್ಪುಗಳನ್ನು ಕೊಂಡವರು ಹಿಂದಿನಂತೆ ಬಿ43ಯನ್ನೇ ನೆಚ್ಚಬೇಕಾಯಿತು. ಅಷ್ಟರಲ್ಲಿ ಬಸ್ಸೇ ಬದಲಾಗಿತ್ತು. ಸಾನಿಕ್ಸ್ ಬ್ಯಾಕ್‌ಪ್ಲೇನಿನ ಸ್ಥಳದಲ್ಲಿ ಆರ್ಮ್ ಸಂಸ್ಥೆಯ ‘ಆಂಬಾ’ ಪದ್ಧತಿ ಬಂದಿತು. ಅದಕ್ಕಾಗಿ ‘ಬಿಸಿಎಂಎ’ ಎಂಬ ಇನ್ನೊಂದು ಬಸ್-ಡ್ರೈವರ್ 2011ರ ಲಿನಕ್ಸ್ 3.0ದಲ್ಲಿ ಸೇರಿತು. ಹೊಸ ಪದ್ಧತಿಯಲ್ಲಿ ಮನೆಮನೆಗೆ ಹೋಗಿ ಕೇಳುವ ಕಷ್ಟವಿಲ್ಲ. ಚಿಪ್ಪಿನೊಳಗಿನ ಓದು-ಮಾತ್ರದ ಸ್ಮೃತಿಯೊಂದರಲ್ಲಿ ಎಲ್ಲ ಕೋರುಗಳ ಪಟ್ಟಿಯೂ ಸಾಲಾಗಿ ಬರೆದಿರುತ್ತದೆ. ಪರಿಷ್ಕರಣಕ್ಕೆ ಎಂಟು ಬಿಟ್‌ಗಳನ್ನು ಒಂದೇ ಕಡೆ ಮೀಸಲಿಟ್ಟಿದ್ದಾರೆ. ಬಿ43 ಡ್ರೈವರು ಎರಡು ಬಸ್ಸುಗಳ ಮೇಲೂ ನಡೆಯುವಂತಾಯಿತು.

ಅನೇಕ ವರ್ಷ ಈ ಡ್ರೈವರುಗಳನ್ನು ನೋಡಿಕೊಂಡ ಲ್ಯಾರಿ ಫಿಂಗರ್ 2024ರಲ್ಲಿ ತೀರಿಕೊಂಡರು. 2.5 ಮತ್ತು 2.7ನೆಯ ಪರಿಷ್ಕರಣಗಳ ನಿರಾಕರಣದ ಬಿಟ್ ಎಲ್ಲಿದೆಯೆಂಬ ಪ್ರಶ್ನೆಯ ಮುಂದೆ ಊಹೆಯೆಂಬ ಆ ಟಿಪ್ಪಣಿ 2020ರ ದಶಕದ ಲಿನಕ್ಸ್ ಪಾಠಗಳಲ್ಲಿಯೂ ಇದ್ದಂತೆಯೇ ಇದ್ದಿತು.